ಪಕ್ಕದ ಮನೆ ಅತ್ತೆಯ ಆಡಿನ ಮರಿ

ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಗೆ, ಅಮ್ಮ ಪಾಠ ಹೇಳಲು ಶಾಲೆಗೆ ಹೋದರೆ, ಸಂಜೆಯವರೆಗೆ ನಾನು ಪಕ್ಕದ ಮನೆಯ ಮಗಳು. ಅಲ್ಲಿ ತಮಿಳು ಮಾತಾಡುವ ಗಂಡ ಹೆಂಡತಿ ಇದ್ದರು. ಆಕೆಯನ್ನು ಅತ್ತೆ ಎನ್ನುತ್ತಿದ್ದೆ. ಎರಡೂ ಬದಿಗೆ ಮೂಗುಬೊಟ್ಟು, ನಕ್ಕರೆ ಕಾಣುವ ಓರೆ ಹಲ್ಲು. ರೇಷನ್ ಅಂಗಡಿಯಲ್ಲಿ ಜಗಳವಾಡುವಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಆದರೆ ಕಥೆ ಮಾತ್ರ ತಮಿಳಿನಲ್ಲೇ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆ ನೋಡುತ್ತ ಹೇಳುತ್ತಿದ್ದರು. ನನಗೆ ತಿಳಿಯುತ್ತಿದ್ದುದು ಅರ್ಧ. ತಿಳಿಯದ ಕಡೆಯಲ್ಲೆಲ್ಲ ಮನಸ್ಸಿನಲ್ಲೇ ಚಿತ್ರ ಬರೆದುಕೊಳ್ಳುತ್ತಿದ್ದೆ. ನಾನು ಮಕ್ಕಳ ಚಿತ್ರಪುಸ್ತಕ ಮಾಡುವವಳಾದದ್ದು ಆ ತೊಡೆಯ ಮೇಲೆಯೇ ಇರಬೇಕು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಯಾವ ಊರು ಎಂದು ಕೇಳಿಟ್ಟುಕೊಳ್ಳುವ ಬುದ್ಧಿ ನನಗಿರಲಿಲ್ಲ.

ಈಗ ಶಿವಮೊಗ್ಗದಲ್ಲಿದ್ದೇನೆ. ಚಿತ್ರ ಬಾರದೆ ಕೂತ ಮಧ್ಯಾಹ್ನಗಳಲ್ಲಿ ಅತ್ತೆಯ ದನಿ ಕಿವಿಗೆ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ಒಮ್ಮೆ ಭದ್ರಾವತಿಗೆ ಹೋಗಿ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ ವಿಚಾರಿಸಿದೆ. ಅವರನ್ನು ಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಬಂದವಳೇ, ಗಂಟೆ ಕಳೆದುಕೊಂಡ ಆಡಿನ ಮರಿಯ ಕಥೆಯನ್ನು ನೆನಪಿದ್ದಷ್ಟು ಪುಸ್ತಕ ಮಾಡಿದೆ. ಮೊದಲ ಪುಟದಲ್ಲಿ ಕಥೆ ಹೇಳುತ್ತ ಕೂತ ಅತ್ತೆಯನ್ನು ಬರೆದೆ.

ಹೋದ ವರ್ಷ ಇಲ್ಲಿನ ಲೈಬ್ರರಿಯೊಂದರಲ್ಲಿ ಮಕ್ಕಳಿಗೆ ಆ ಪುಸ್ತಕ ಓದಿ ಹೇಳಿದೆ. ಮುಗಿದ ಮೇಲೆ, ಮಗಳನ್ನು ಕರೆತಂದಿದ್ದ ಹೆಂಗಸೊಬ್ಬರು ಮೊದಲ ಪುಟ ತೆರೆದು ನನ್ನ ಮುಂದೆ ಹಿಡಿದರು.

"ಇವರು ಯಾರು ಮೇಡಂ?"

"ಭದ್ರಾವತಿಲಿ ನಮ್ಮ ಪಕ್ಕದ ಮನೆ ಅತ್ತೆ."

"ನಮ್ಮಮ್ಮ ಇವರು."

ಅವರಿಗೊಬ್ಬ ಮಗಳಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅಜ್ಜಿ ಒಂಟಿಯಾಗುತ್ತಾರೆಂದು ಕೂಸನ್ನು ಊರಲ್ಲೇ ಬಿಟ್ಟು ಬಂದಿದ್ದರಂತೆ. ಮುಂದೆ ಆ ಮಗಳನ್ನು ಶಿವಮೊಗ್ಗಕ್ಕೇ ಕೊಟ್ಟರು. ಗಾಂಧಿ ಬಜಾರಿನಲ್ಲಿ ಗಂಡನ ಬಟ್ಟೆ ಅಂಗಡಿ. ನಾನು ಎಷ್ಟೋ ಸಲ ಅದರ ಮುಂದೆಯೇ ಓಡಾಡಿದ್ದೇನೆ.

"ಅತ್ತೆ ಹೇಗಿದ್ದಾರೆ?" ಎಂದೆ.

"ಇಲ್ಲ. ತೀರಿಹೋಗಿ ಎರಡು ವರ್ಷ ಆಯ್ತು." ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು, "ನಂಗೆ ಒಂದು ಕಥೆನೂ ಹೇಳಿಲ್ಲ ಅಮ್ಮ. ಅವರು ವಾಪಸ್ ಬರೋ ಹೊತ್ತಿಗೆ ನಾನು ಕಥೆ ಕೇಳೋ ವಯಸ್ಸು ದಾಟಿದ್ದೆ."

ಬಾಗಿಲ ಕಡೆ ನೋಡುತ್ತ ಅತ್ತೆ ಯಾರಿಗೆ ಕಥೆ ಹೇಳುತ್ತಿದ್ದರೆಂದು ನನಗೆ ಆಗ ಹೊಳೆಯಿತು. ನಾನು ಪುಟ ತಿರುವಿದೆ. ಮುದುಕನೊಬ್ಬನ ಅಗಲಕ್ಕೆ ತೆರೆದ ಬಾಯೊಳಗೆ ಆಡಿನ ಮರಿ ಇಣುಕುತ್ತಿತ್ತು.

"ಇದ್ಯಾರು?"

"ಕಿಣರು. ಕಥೇಲಿ ಬರೋ ತಾತ."

ಅವರು ನಗತೊಡಗಿದರು. ಅದೇ ಓರೆ ಹಲ್ಲು. "ಅಯ್ಯೋ, ಕಿಣರು ಅಂದ್ರೆ ಬಾವಿ ಕಣ್ರೀ!" ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು.

ಆಮೇಲೆ ಅವರು ಆಗಾಗ ಮನೆಗೆ ಬರತೊಡಗಿದರು. ನೆನಪಿದ್ದ ಕಥೆಗಳನ್ನೆಲ್ಲ ಹೇಳಿದೆ. ನನ್ನ ಹರಕು ತಮಿಳನ್ನು ಅವರು ತಿದ್ದಿದರು. ಅತ್ತೆಯ ಕೊನೆಯ ದಿನಗಳನ್ನು ನಾನು ಕೇಳಿ ತಿಳಿದುಕೊಂಡೆ. ಒಂದು ದಿನ ಕಥೆಗಳು ಮುಗಿದವು. ಇನ್ನು ಏನೂ ಉಳಿದಿಲ್ಲ ಎಂದೆ.

"ಅಮ್ಮ ನಿಮಗೆ ಬೈತಿದ್ರಾ?"

"ಬೈಯದೆ ಇರ್ತಾರಾ? ಕೆಸರು ಕಾಲಲ್ಲಿ ಒಳಗೆ ಬಂದ್ರೆ ಪೊರಕೆ ತಗೋತಿದ್ರು."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಂಗೆ ಒಂದು ದಿನಾನೂ ಬೈದಿಲ್ಲ. ರಜಕ್ಕೆ ಬಂದ ನೆಂಟರ ಮಗು ಥರ ನೋಡ್ಕೋತಿದ್ರು. ಹೇಳಿ, ಏನಂತ ಬೈತಿದ್ರು?"