ಹೊತ್ತು ಮುಳುಗಿದ ಮೇಲೆ ಉಣ್ಣದ ನಾಯಿ

ನಮ್ಮ ಅಪ್ಪನಿಗೆ ನಾಯಿ ಬೇಕಾಗಿರಲಿಲ್ಲ, ಮನೆಯಲ್ಲಿ ವಿಲಾಯತಿ ನಾಯಿ ಇದೆಯೆಂದು ನಾಲ್ಕು ಜನ ಮಾತಾಡಿಕೊಳ್ಳುವುದು ಬೇಕಾಗಿತ್ತು. ಇಚಲಕರಂಜಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಮಗ್ಗದ ಷೆಡ್ಡು. ಅದರ ಬಾಗಿಲಲ್ಲಿ ಅಂಥದೊಂದು ಪ್ರಾಣಿ ಕೂತಿದ್ದರೆ ನೂಲಿನ ವ್ಯಾಪಾರಿಗಳು ಎರಡು ಮೆಟ್ಟಿಲು ಕೆಳಗೇ ನಿಂತು ಮಾತಾಡುತ್ತಾರೆಂದು ಅಪ್ಪ ನಂಬಿದ್ದರು. ಕೊಲ್ಲಾಪುರದ ಒಬ್ಬ ಸರದಾರರ ವಾಡೆಯಿಂದ, ತೋಳನ ಕಿವಿಯ, ಕಪ್ಪು ಬೆನ್ನಿನ ಮರಿಯೊಂದನ್ನು ತಂದರು. ಅಷ್ಟು ಚೆಂದದ ಮರಿಯನ್ನು ಸರದಾರರು ಪುಕ್ಕಟೆ ಯಾಕೆ ಕೊಟ್ಟರೆಂದು ಕೇಳುವಷ್ಟು ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟರು. ಆ ಹೆಸರನ್ನು ಸರಿಯಾಗಿ ಕರೆಯಲು ಅವರಿಗೇ ಬರುತ್ತಿರಲಿಲ್ಲ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನಾಗ ಕೊಲ್ಲಾಪುರದ ಕಾಲೇಜಿನಲ್ಲಿ ಎರಡು ವರ್ಷ ಬೆಂಚು ಕಾಯಿಸಿ, ಓದು ಮುಗಿಸದೆ ಮನೆಗೆ ಬಂದಿದ್ದೆ. ಅರ್ಧ ಓದಿದವನಿಗೆ ಇರಬೇಕಾದ ಪೂರ್ತಿ ಸೊಕ್ಕು ನನಗಿತ್ತು.

ಮರಿ ಬೆಳೆದು ಒಂದು ವರ್ಷವಾಗುವ ಹೊತ್ತಿಗೆ ಅದರ ನಡಿಗೆ ಕೆಟ್ಟಿತು. ಓಡುವಾಗ ಹಿಂದಿನ ಎರಡೂ ಕಾಲನ್ನು ಮೊಲದ ಹಾಗೆ ಜೊತೆಗೂಡಿಸಿ ಕುಪ್ಪಳಿಸುತ್ತಿತ್ತು. ಏಳಬೇಕಾದರೆ ಮುಂಗಾಲಿನಿಂದ ಮೈಯನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಪಡಸಾಲೆಯ ನುಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕಾಲು ಜಾರಿ ದೊಪ್ಪನೆ ಕೂತುಬಿಡುತ್ತಿತ್ತು. ಕೂತಮೇಲೆ ತಪ್ಪು ತನ್ನದೇ ಎನ್ನುವಂತೆ ನಮ್ಮ ಮುಖ ನೋಡುತ್ತಿತ್ತು. ಆ ನೋಟ ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಅಪ್ಪನಿಗೆ ಸಹಿಸಲಾಗದ್ದು ಬೇರೆ. ವ್ಯಾಪಾರಿಗಳು ಬಂದಾಗ ನಾಯಿ ಏಳಲಾರದೆ ತೆವಳಿದ್ದನ್ನು ನೋಡಿ ಅವರು ನಕ್ಕಿದ್ದರು. ಆ ದಿನವೇ ಅಪ್ಪ ಹೇಳಿಬಿಟ್ಟರು.

“ದೀಪಾವಳಿ ಪಾಡ್ಯೇದ ತನಕ ನೋಡ್ತೇನಿ. ಅಂವಾ ತನ್ನ ಕಾಲ ಮ್ಯಾಲ ತಾ ಎದ್ದ ನಡದ್ರ ಛಲೋ. ಇಲ್ಲಂದ್ರ ಪಾಂಜರಪೋಳಕ್ಕ ಬಿಟ್ಟ ಬರೂದು.”

ಮುದಿ ಎತ್ತು, ಕುಂಟ ಕುದುರೆಗಳನ್ನು ಬಿಟ್ಟುಬರುವ ಆ ಧರ್ಮದ ಕೊಟ್ಟಿಗೆಯನ್ನು ನಾನು ಒಮ್ಮೆ ನೋಡಿದ್ದೆ. ಕೊಲ್ಲುವುದು ಪಾಪ ಎನ್ನುವ ಜನ ತಮ್ಮ ಕಣ್ಣೆದುರು ಸಾಯದ ಹಾಗೆ ಮಾಡಿಕೊಂಡ ವ್ಯವಸ್ಥೆ ಅದು. ಮೂರು ಮಣ ತೂಗುವ, ಮನುಷ್ಯರ ಕಾಲಬುಡ ಬಿಟ್ಟು ಮಲಗಿ ಗೊತ್ತಿಲ್ಲದ ನಾಯಿ ಅಲ್ಲಿ ಒಂದು ತಿಂಗಳೂ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಗಡಹಿಂಗ್ಲಜದಿಂದ ನನ್ನ ಸೋದರಮಾವ ಬಂದ. ಮೆಣಸಿನಕಾಯಿ ವ್ಯಾಪಾರಿ. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ ವಿದ್ಯೆಯಿಲ್ಲ. ನಾಯಿಯ ಸೊಂಟವನ್ನು ಕಾಲಿನಿಂದಲೇ ಮುಟ್ಟಿ ನೋಡಿ, “ವಾಯು ಹಿಡದೈತಿ. ಎತ್ತಿಗೆ ಹಾಕಿದಂಗ ಎರಡೂ ಕಡೆ ಬರೆ ಹಾಕಿದ್ರ ನಾಳೆ ಓಡತಾನ” ಅಂದ. ಅಂದವನು ಸುಮ್ಮನಿರದೆ ಒಲೆಯಲ್ಲಿ ಕಬ್ಬಿಣದ ಸಲಾಕೆಯನ್ನೂ ಇಟ್ಟ. ನಾನು ಜಗಳಕ್ಕೆ ನಿಂತೆ, ಅಪ್ಪ ನನ್ನ ಬಾಯಿ ಮುಚ್ಚಿಸಿದರು. ಆಗ ನಮ್ಮ ಅತ್ತೆ ಅಡುಗೆಮನೆಯಿಂದ ಬಂದು, ಒಂದು ಚೆಂಬು ನೀರು ತಂದು ಆ ಸಲಾಕೆಯ ಮೇಲೆ ಸುರಿದಳು.

“ಇವತ್ತ ಚತುರ್ದಶಿ. ಈ ಮನ್ಯಾಗ ಜೀವಕ್ಕ ಬೆಂಕಿ ಮುಟ್ಟಸಂಗಿಲ್ಲ.”

ಮಾವ ಮರುದಿನ ಬೆಳಿಗ್ಗೆಯೇ ಹೋಗಬೇಕಾಗಿತ್ತು, ಹೋದ. ನಾಯಿ ಉಳಿಯಿತು. ನಾನು ಮಾತ್ರ ಮನಸ್ಸಿನಲ್ಲೇ ನಕ್ಕೆ. ಹುಣ್ಣಿಮೆಯಾಗಿದ್ದರೆ ಸುಡಬಹುದಾಗಿತ್ತೇನೋ!

ಈ ಅತ್ತೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ತಾಯಿ ತೀರಿಕೊಂಡ ಮೇಲೆ ನಮ್ಮ ಅಡುಗೆ, ಹಿತ್ತಿಲ ಆಕಳು, ನಮ್ಮ ಬಟ್ಟೆಬರೆ ಎಲ್ಲ ಅವಳ ಕೈಯಲ್ಲೇ. ನಾವು ಜೈನರು; ತಿಂಗಳಲ್ಲಿ ಅರ್ಧದಷ್ಟು ದಿನ ಅವಳಿಗೆ ಒಂದಲ್ಲ ಒಂದು ನೇಮ, ಉಪವಾಸ. ಅವಳ ನೇಮಗಳನ್ನು ನೋಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಾಲೇಜಿನ ಮೆಟ್ಟಿಲು ಹತ್ತಿ ಬಂದವನಲ್ಲವೇ ನಾನು.

ಕೊಲ್ಲಾಪುರದಲ್ಲಿ ಹಳೆಯ ಕುದುರೆ ಲಾಯದ ಹಿಂದೆ ಒಬ್ಬ ಮುಸಲ್ಮಾನ ಡಾಕ್ಟರರಿದ್ದರು. ಮೂಲ ನಿಪ್ಪಾಣಿಯ ಕಡೆಯವರಾದ್ದರಿಂದ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದರು. ಹಿಂದಿನ ಮಹಾಯುದ್ಧದಲ್ಲಿ ಪಲ್ಟನ್ನಿನ ಕುದುರೆಗಳನ್ನು ನೋಡಿಕೊಂಡು ಬಂದವರು. ನಾಯಿಯನ್ನು ಚಕ್ಕಡಿಯಲ್ಲಿ ಹಾತಕಣಂಗಲೆಗೆ ಒಯ್ದು, ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿ, ನಾನು ಅವರ ಮನೆ ಹುಡುಕಿಕೊಂಡು ಹೋದೆ. ಅವರು ನಾಯಿಯ ಜೊತೆ ನೆಲದ ಮೇಲೆ ಕೂತರು. ತುಂಬ ಹೊತ್ತು ಬರೀ ಬೆನ್ನು ಸವರಿದರು. ಆಮೇಲೆ ಕಾಲು ಚಾಚಿ ಮಡಿಸಿ, ನನ್ನ ಕೈಯನ್ನು ಹಿಡಿದು ಅದರ ಸೊಂಟದ ಮೇಲಿಟ್ಟರು. ಒಳಗೆ ಏನೋ ಕಟಕ್ಕೆಂದು ಜಾರಿದ್ದು ನನ್ನ ಅಂಗೈಗೆ ತಿಳಿಯಿತು.

“ರುಬ್ಬೂ ಒಳ್ಳ ಆಳ ಇಲ್ಲಂದ್ರ ಗುಂಡ ಜಾರತೈತೋ ಇಲ್ಲೊ? ಹಂಗ. ಹುಟ್ಟಿದಾಗಿಂದs ಹಿಂಗ ಐತಿ. ವಾಯು ಅಲ್ಲ, ದೃಷ್ಟಿ ಅಲ್ಲ, ಯಾರ ತಪ್ಪೂ ಅಲ್ಲ.”

“ವಾಸಿ ಆಗತೈತೇನ್ರಿ?”

“ಆಗಂಗಿಲ್ಲ. ಸಂಬಾಳಿಸಿದ್ರ ಭಾಳ ವರ್ಷ ಬದಕತೈತಿ.”

ಅಂಥ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆಗಂಗಿಲ್ಲ ಎಂದ ಆ ಮನುಷ್ಯನ ಮೇಲೆ ನನಗೆ ಆ ಕ್ಷಣವೇ ನಂಬಿಕೆ ಬಂತು. ಅವರು ಹೇಳಿದ ಉಪಾಯಗಳೂ ಸರಳ. ಫರಸಿಯ ಮೇಲೆ ಗೋಣಿತಟ್ಟು ಹಾಸುವುದು, ಮೆಟ್ಟಿಲು ಹತ್ತಿಸದಿರುವುದು, ಉಸುಕು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಡುವುದು, ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ದಿನಾ ಪಂಚಗಂಗೆಯಲ್ಲಿ ಈಜಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ತೆಳ್ಳಗಾಗಬೇಕು. “ಆ ಕೀಲಿನ ಮ್ಯಾಲ ಹೆಚ್ಚಿನ ಒಂದ ಸೇರ ಭಾರ ಸೈತ ಬೀಳಬಾರದು” ಎಂದು ಮೂರು ಸಲ ಹೇಳಿದರು.

ನಮ್ಮ ಓಣಿಯಲ್ಲಿ ಒಂದು ಪ್ರಾಣಿಯನ್ನು ತೆಳ್ಳಗಾಗಿಸುವುದೆಂದರೆ! ನಮ್ಮ ಜನ ನಾಯಿಯನ್ನು ಮುಟ್ಟುವುದಿಲ್ಲ, ಆದರೆ ನಾಯಿಗೆ ಹಾಕಿದ ರೊಟ್ಟಿಯ ಪುಣ್ಯವನ್ನು ಮಾತ್ರ ಬಿಡುವುದಿಲ್ಲ. ಅದರಲ್ಲೂ ಕುಂಟ ನಾಯಿಗೆ ಹಾಕಿದರೆ ಪುಣ್ಯ ಎರಡು ಪಟ್ಟು. ದೀಪ ಹಚ್ಚುವ ಹೊತ್ತಾಯಿತೆಂದರೆ ಮನೆಮನೆಯಿಂದ ರೊಟ್ಟಿ, ತುಪ್ಪದನ್ನ, ಹಬ್ಬದಲ್ಲಿ ಮಿಕ್ಕ ಹೋಳಿಗೆ. ಸಾಲಿನಲ್ಲಿ ಬಂದು ಹಾಕಿ, ಕೈಮುಗಿದು, ಹಗುರಾಗಿ ಮನೆಗೆ ಹೋಗುತ್ತಿದ್ದರು. ಭಾರ ಮಾತ್ರ ನಾಯಿಯ ಸೊಂಟದ ಮೇಲೆ. ಡಾಕ್ಟರರ ಮಾತನ್ನು ನಾನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದೆ. ಒಬ್ಬರಾದರೂ ಕಿವಿಗೆ ಹಾಕಿಕೊಂಡಿದ್ದರೆ ಕೇಳಿ. “ಮೂಕ ಜೀವ, ಹಸಕೊಂಡ ಇರಬೇಕೇನ? ನೀನೆಂಥಾ ಕಟುಕ ಅದೀಪಾ” ಎಂದು ನನಗೇ ಛೀಮಾರಿ.

ಶ್ರಾವಣದಲ್ಲಿ ಡಾಕ್ಟರರು ಇಚಲಕರಂಜಿಯಲ್ಲಿ ಯಾರದೋ ಕುದುರೆ ನೋಡಲು ಬಂದವರು ನಮ್ಮ ಮನೆಗೂ ಬಂದರು. ನಾನು ಓಣಿಯವರನ್ನೆಲ್ಲ ಬೈದು ಮುಗಿಸುವವರೆಗೆ ಕೇಳಿಸಿಕೊಂಡರು. ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. ಅವರ ಕೈಯ ನೀರು ಕುಡಿಯದವಳು, ಅವರ ಮಾತನ್ನು ಮಾತ್ರ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಡಾಕ್ಟರರು ಆ ಬಾಗಿಲಿಗೇ ಕೇಳಿದರು:

“ಅವ್ವಾರ, ನೀವು ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ, ಹೌದಲ್ರಿ?”

“ಉಣ್ಣಂಗಿಲ್ರಿ.”

“ಮತ್ತ ನಿಮ್ಮ ಮನ್ಯಾಗಿನ ಜೀವಾ ಉಣ್ಣಬಹುದೇನ್ರಿ? ನಾವು ರಮಜಾನದ ರೋಜಾದಾಗ ಹೊತ್ತ ಮುಳುಗಿದ ಮ್ಯಾಲ ಉಣ್ತೀವಿ. ಇಂವಾ ನಮ್ಮಂವಾ ಅಲ್ಲ, ನಿಮ್ಮ ಮನಿಯಂವಾ. ನಿಮ್ಮ ನೇಮಾ ಇವಗೂ ಬರತೈತಿ ನೋಡ್ರಿ.”

ಅವತ್ತು ಸಂಜೆ ದೀಪ ಹಚ್ಚುವ ಮುಂಚೆಯೇ ಅತ್ತೆ ನಾಯಿಯ ತಟ್ಟೆ ಎತ್ತಿಟ್ಟಳು. ಮರುದಿನದಿಂದ ಓಣಿಯಲ್ಲಿ ಸುದ್ದಿ ಹಬ್ಬಿತು: ಆ ಮನೆಯ ನಾಯಿ ರಾತ್ರಿ ಊಟ ಬಿಟ್ಟಿದೆ! ಔಷಧದ ಮಾತೆಂದರೆ ಮೂಗು ಮುರಿದವರು ವ್ರತದ ಮಾತಿಗೆ ತಲೆಬಾಗಿದರು. ದೀಪ ಹಚ್ಚುವ ಹೊತ್ತಿನ ಮೆರವಣಿಗೆ ನಿಂತಿತು. ವ್ರತದ ನಾಯಿಗೆ ಸಿಕ್ಕಸಿಕ್ಕದ್ದು ಹಾಕಬಾರದೆಂದು ಹಗಲಲ್ಲೂ ಕೈ ಬಿಗಿಹಿಡಿದರು. ಒಬ್ಬ ಮುದುಕರು ಬಸದಿಗೆ ಹೋಗುವಾಗ ನಮ್ಮ ಕಟ್ಟೆಯೆದುರು ನಿಂತು ನಾಯಿಗೆ ಕೈಮುಗಿದದ್ದನ್ನು ನಾನು ನನ್ನ ಕಣ್ಣಿಂದಲೇ ನೋಡಿದೆ. ನಾಯಿ ಆಕಳಿಸಿತು. ಇಂಥ ಮೂರ್ಖರ ನಡುವೆ ಹುಟ್ಟಿದೆನಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ನಾಯಿಯ ಊಟ ಈಗ ಅತ್ತೆಯ ಕೈಯಿಂದ ಎರಡೇ ಹೊತ್ತು. ವಾರಕ್ಕೊಮ್ಮೆ ನಾನು ಅದನ್ನು ಗೋಣಿಯಲ್ಲಿ ಕೂರಿಸಿ, ಷೆಡ್ಡಿನಲ್ಲಿ ನೂಲಿನ ಗಂಟು ತೂಗುವ ತಕ್ಕಡಿಗೆ ತೂಗುಹಾಕುತ್ತಿದ್ದೆ. ಮೊದಲು ಭಾರ ಇಳಿಯಿತು. ಭಾದ್ರಪದದಲ್ಲಿ ಹೊಳೆ ಇಳಿದು ಈಜು ಶುರುವಾದ ಮೇಲೆ ಇನ್ನೂ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ನಾನು ದಿನಾ ಬೆಳಿಗ್ಗೆ ಎದೆಮಟ್ಟದ ನೀರಲ್ಲಿ ನಿಂತು ಅದರ ಹೊಟ್ಟೆಯ ಕೆಳಗೆ ಕೈಕೊಟ್ಟು ಈಜಿಸುತ್ತಿದ್ದೆ. ದಂಡೆಗೆ ಬಂದು ಮೈ ಕೊಡವಿದಾಗ, ಪಾಪ, ಅಷ್ಟು ಕಷ್ಟಪಟ್ಟಿದೆಯೆಂದು ಬಿಚ್ಚಿಟ್ಟಿದ್ದ ಅಂಗಿಯ ಕಿಸೆಯಿಂದ ಎರಡು ತುಂಡು ಶೇಂಗಾ ಚಿಕ್ಕಿ ಕೊಡುತ್ತಿದ್ದೆ. ಅದು ಊಟವಲ್ಲ, ಶಾಬಾಸಕಿ. ಮನೆಯಲ್ಲೇ ಯಾರೋ ಕಳ್ಳರಿದ್ದಾರೆಂದು ನನಗೆ ಖಾತ್ರಿಯಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಸಿಕ್ಕಿಬಿದ್ದಳು. ಒಂದು ಬೆಳಿಗ್ಗೆ ಅತ್ತೆ ನಾಯಿಯ ತಟ್ಟೆಯ ಹತ್ತಿರದಿಂದ ಸೆರಗಿನಲ್ಲಿ ಅರ್ಧ ರೊಟ್ಟಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ನಾಯಿ ಅವಳ ಹಿಂದೆಯೇ ಕುಂಟುತ್ತಿತ್ತು. ದಶಲಕ್ಷಣ ಹಬ್ಬದ ಒಪ್ಪೊತ್ತಿನ ದಿನಗಳು, ಅವಳ ಮುಖ ಬಾಡಿತ್ತು. ನಾನು ಬಾಯಿಗೆ ಬಂದದ್ದು ಅಂದೆ. “ನೀ ಉಪವಾಸ ಇದ್ದ ಒಂದ ಪುಣ್ಯೇ, ನಾಯಿಗೆ ಕದ್ದ ತಿನ್ನಿಸಿ ಇನ್ನೊಂದ ಪುಣ್ಯೇ. ಅದನ್ನ ಪಾಂಜರಪೋಳಕ್ಕ ಕಳಿಸಿದ ಮ್ಯಾಲರ ನಿನ್ನ ಪುಣ್ಯೇದ ಹೊಟ್ಟಿ ತುಂಬತೈತೇನು?” ಅವಳು ಒಂದು ಸಲ ನನ್ನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ನಾನು ಕೇಳಲು ನಿಲ್ಲಲಿಲ್ಲ. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟೆ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ, ಒಗೆದು ಮಡಿಚಿಟ್ಟ ಅಂಗಿ ತೊಡುತ್ತಿದ್ದೆ, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ.

ದೀಪಾವಳಿಗೆ ಎಂಟು ದಿನವಿದ್ದಾಗ ಮತ್ತೆ ನಾಯಿಯನ್ನು ಕೊಲ್ಲಾಪುರಕ್ಕೆ ಒಯ್ದೆ. ಡಾಕ್ಟರರು ತೊಡೆಯ ಮಾಂಸ ಹಿಡಿದು ನೋಡಿದರು. “ಈಜಿಂದ ಗಟ್ಟಿ ಆಗೈತಿ. ಆದ್ರ ಭಾರ ಯಾಕ ಇಳದಿಲ್ಲ?” ಅಂದರು. ನಾನು ಅತ್ತೆಯ ಕಳ್ಳತನವನ್ನು ಬಣ್ಣಕಟ್ಟಿ ಹೇಳತೊಡಗಿದೆ. ಹೇಳುತ್ತಿರುವಾಗಲೇ ನಾಯಿ ಬಂದು ನನ್ನ ಕಿಸೆಯೊಳಗೆ ಮೂತಿ ತೂರಿಸಿತು. ತೂರಿಸಿದ್ದು ಒಂದು ಸಲವಲ್ಲ. ಗದರಿಸಿದರೆ ಮತ್ತೊಂದು ಕಿಸೆಗೆ ಬಂತು.

“ಏನೈತಿ ಅದರಾಗ?”

ಚಿಕ್ಕಿ ತೆಗೆದು ತೋರಿಸಿದೆ. ದಿನಕ್ಕೆಷ್ಟೆಂದು ಕೇಳಿದರು. ಎರಡೆಂದೆ. ಅವರು ನನ್ನ ಇನ್ನೊಂದು ಕಿಸೆಯ ಕಡೆ ಕೈ ತೋರಿಸಿದರು. ನಾಲ್ಕು, ಕೆಲವು ದಿನ ಆರು ಎಂದೆ.

ಡಾಕ್ಟರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇಷ್ಟ ಬೆಲ್ಲಾ ಶೇಂಗಾ ತಿಂದ ನಾಯಿ ಇಷ್ಟೊತ್ತಿಗೆ ಉಬ್ಬಬೇಕಾಗಿತ್ತಪಾ. ಉಬ್ಬಿಲ್ಲ. ನೀ ಒಂದ ಕಡೆ ಹಾಕಾಕತ್ತಿ, ಯಾರೋ ಇನ್ನೊಂದ ಕಡೆ ಅದರ ಪಾಲಿಂದು ತಗ್ಯಾಕತ್ತಾರ. ನಿಮ್ಮ ಮನ್ಯಾಗ ಶ್ಯಾಣ್ಯಾರು ಯಾರೋ ಒಬ್ರು ಅದಾರ. ಯಾರ ಅಂತ ನೀನs ನೋಡ್ಕೋ” ಅಂದರು.

ರೈಲಿನಲ್ಲಿ, ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ನಾನು ನಾಯಿಯ ಮುಖ ನೋಡಲಿಲ್ಲ. ಮನೆ ತಲುಪಿದಾಗ ಹೊತ್ತು ಮುಳುಗಲು ಇನ್ನೂ ಸ್ವಲ್ಪವಿತ್ತು. ಅತ್ತೆ ನಾಯಿಗೆ ತಟ್ಟೆ ಇಟ್ಟಳು. ಅದರಿಂದ ಅರ್ಧ ರೊಟ್ಟಿ ಮುರಿದು ಸೆರಗಲ್ಲಿ ಹಿಡಿದು ಹಿತ್ತಿಲಿಗೆ ನಡೆದಳು. ನಾನು ಹಿಂದೆ ಹೋದೆ. ಅವಳು ಅದನ್ನು ಆಕಳ ಬಾಯಿಗೆ ಕೊಟ್ಟಳು.

“ನಿನಗ ಚಿಕ್ಕೀದ ಸುದ್ದಿ ಗೊತ್ತಿತ್ತೇನು?” ನಾನೇ ಮೊದಲು ತುಟಿ ಬಿಚ್ಚಿದೆ.

“ನಿನ್ನ ಅಂಗಿ ಯಾರ ಒಗೀತಾರೋ? ಕಿಸೆ ತುಂಬ ಬೆಲ್ಲದ ಅಂಟು, ಇರಿವಿ.”

“ಮತ್ತ ನನಗ ಯಾಕ ಹೇಳಲಿಲ್ಲ?”

ಅತ್ತೆ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. “ಒಂದೂವರಿ ತಿಂಗಳಾತು. ನೀ ನನ್ನ ಕೂಡ ಮಾತಾಡಿಯೇನು?”

ಓಣಿಯ ಮೂರ್ಖರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿದ್ದ ನನಗೆ ಒಬ್ಬನ ಹೆಸರು ಮಾತ್ರ ಬಿಟ್ಟುಹೋಗಿತ್ತು. ನಮ್ಮ ಮನೆಯಲ್ಲಿ ಕ್ಷಮಿಸು ಎಂಬ ಮಾತಿನ ರೂಢಿ ಇರಲಿಲ್ಲ. ಕಿಸೆಯಲ್ಲಿದ್ದ ಚಿಕ್ಕಿಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಿಚ್ಚಿ ನೋಡಿ, ಅಡುಗೆಮನೆಯ ಮೇಲಿನ ನೆಲುವಿನಲ್ಲಿಟ್ಟಳು.

ಪಾಡ್ಯದ ದಿನ ಅಪ್ಪ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತರು, ವ್ಯಾಪಾರಿಗಳೂ ಬಂದಿದ್ದರು. ನಾಯಿ ಪಡಸಾಲೆಯ ಗೋಣಿತಟ್ಟಿನ ಮೇಲೆ ಮಲಗಿತ್ತು. ನಾನು ಎದುರಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೈಚಾಚಿ ಕರೆದೆ. ಅದು ನನ್ನ ಕಡೆ ನೋಡಿತು. ಮುಂಗಾಲು ಊರಿತು, ಹಿಂಗಾಲು ನಡುಗಿದವು, ಆಮೇಲೆ ನಿಂತವು. ಎದ್ದು ಬಂದು ನನ್ನ ಎರಡೂ ಕಿಸೆ ಮೂಸಿತು. ಎರಡೂ ಖಾಲಿ. ನನ್ನನ್ನು ದಾಟಿ, ಸ್ವಲ್ಪ ಓಲಾಡುತ್ತ ಆದರೆ ಒಂದೊಂದೇ ಕಾಲು ಎತ್ತಿಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ ಅತ್ತೆಯ ಕಾಲಬುಡದಲ್ಲಿ ಕೂತಿತು. “ನಮ್ಮ ನಾಯಿ ರಾತ್ರಿ ಉಣ್ಣಂಗಿಲ್ರಿ” ಎಂದು ಅಪ್ಪ, ಪಾಂಜರಪೋಳದ ಮಾತನ್ನೇ ಮರೆತು, ವ್ಯಾಪಾರಿಗಳಿಗೆ ಜಂಬದಿಂದ ಹೇಳುತ್ತಿದ್ದರು. ನಗಬೇಕೆಂದರೆ ನನಗೆ ನಗು ಬರಲಿಲ್ಲ. ಒಂದೂವರೆ ತಿಂಗಳು ನನಗೆ ಉಣ್ಣಲಿಕ್ಕೆ ಬಡಿಸಿ, ನನ್ನ ತಪ್ಪನ್ನು ದಿನಕ್ಕೆರಡು ಸಲ ಅರ್ಧರ್ಧ ರೊಟ್ಟಿಯಂತೆ ಮುರಿದು ಆಕಳಿಗೆ ಹಾಕಿದವಳು, ಈಗಲೂ ಯಾರಿಗೂ ಏನೂ ಹೇಳದೆ ನಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.