ಮಾರ್ಸೇ ಗುಡ್ಡದಿಂದ ಒಬ್ಬಳೇ ಇಳಿದದ್ದು

ನಮ್ಮ ಪ್ರವಾಸದ ಹಡಗು ಫ್ರಾನ್ಸಿನ ಮಾರ್ಸೇ ಬಂದರು ಮುಟ್ಟಿದಾಗ ಬೆಳಿಗ್ಗೆ ಎಂಟು ಗಂಟೆ. ಬಿಸಿಲಿತ್ತು, ಆದರೆ ಗಾಳಿ ದೆಹಲಿಯ ಜನವರಿಯಂತೆ ಕೊರೆಯುತ್ತಿತ್ತು. ಜೊತೆಗೆ, ಸರ್ಕಾರಿ ಕೆಲಸದಿಂದ ಹಿಂದಿನ ವರ್ಷ ನಿವೃತ್ತರಾದ ನನ್ನ ಯಜಮಾನರು. ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಕಳೆದ ಇಪ್ಪತ್ತಾರು ವರ್ಷಗಳಲ್ಲಿ ನಾನು ತರಕಾರಿ ಮಾರ್ಕೆಟ್ಟಿನಿಂದಾಚೆ ಒಬ್ಬಳೇ ಹೋದದ್ದಿಲ್ಲ. ಇವರೋ ಮಗಳೋ ಜೊತೆಗಿರುತ್ತಿದ್ದರು.

ಹಡಗಿನವರ ಬಸ್ಸು ಅರ್ಧ ಗಂಟೆಯಲ್ಲಿ ಹಳೆಯ ಬಂದರಿಗೆ ತಂದು ಬಿಟ್ಟಿತು. ವಾಪಸು ಕೊನೆಯ ಬಸ್ಸು ನಾಲ್ಕೂವರೆಗೆ. ದಂಡೆಯಲ್ಲಿ ಹೆಂಗಸರು ಇನ್ನೂ ಒದ್ದಾಡುತ್ತಿದ್ದ ಮೀನು ಮಾರುತ್ತಿದ್ದರು. ಅಂಗಡಿಯೊಂದರಲ್ಲಿ ಕಡಲೆಹಿಟ್ಟಿನ ಕರಿದ ಬಿಲ್ಲೆ ತಿಂದೆವು. “ಬಜ್ಜಿನೇ. ಖಾರ ಒಂದಿಲ್ಲ,” ಎಂದರು ಇವರು. ಕೋಟೆ, ಹಳೆಯ ಬೀದಿಗಳ ಮೆಟ್ಟಿಲು ಹತ್ತಿಳಿದು ಎರಡು ಗಂಟೆಯ ಹೊತ್ತಿಗೆ ಅವರ ಮಂಡಿ ಊದಿಕೊಂಡಿತು. ಗುಡ್ಡದ ಮೇಲಿನ ಚರ್ಚು ಬಾಕಿಯಿತ್ತು.

“ನನ್ನ ಕೈಲಾಗಲ್ಲ ಕಣೇ. ವಾಪಸ್ ಹೋಗೋಣ.”

“ನೀವು ಇಲ್ಲೇ ಕೂತಿರಿ. ನಾನು ನೋಡ್ಕೊಂಡು ಬರ್ತೀನಿ.”

“ಒಬ್ಬಳೇ? ಭಾಷೆ ಬರಲ್ಲ, ಏನಿಲ್ಲ.”

“ದೆಹಲಿಗೆ ಬಂದಾಗ ಹಿಂದಿ ಬರ್ತಿತ್ತಾ?”

ಮಂಡಿ ನೀವಿಕೊಳ್ಳುತ್ತ, “ಅಚ್ಛಾ, ಚಲೋ. ನಾಲ್ಕಕ್ಕೆ ಇಲ್ಲಿರ್ಬೇಕು,” ಎಂದರು.

ಗುಡ್ಡದ ಮೇಲಕ್ಕೆ ಬಸ್ ಟಿಕೆಟ್ ಎರಡು ಯೂರೋ ಚಿಲ್ಲರೆ. ಚರ್ಚಿನ ಚಾವಣಿಯಿಂದ ಪುಟ್ಟ ಪುಟ್ಟ ಹಡಗುಗಳನ್ನು ಇಳಿಬಿಟ್ಟಿದ್ದರು. ಸಮುದ್ರದಿಂದ ಬದುಕಿ ಬಂದವರ ಹರಕೆಯಂತೆ. ಹೊರಬಂದಾಗ ಮೂರು ಗಂಟೆ. ಬಸ್ಸಿಗೆ ಉದ್ದ ಸಾಲಿತ್ತು. ಕೆಳಗೆ ನೀರು ಕಾಣುತ್ತಿತ್ತಲ್ಲ, ನಡೆದೇ ಇಳಿದೆ. ಇಳಿದ ಮೇಲೆ ಗೊತ್ತಾಯಿತು, ಆ ಗುಡ್ಡದ ಎರಡು ಮಗ್ಗುಲಲ್ಲೂ ನೀರಿದೆ. ನಾನು ತಲುಪಿದ್ದು ಬೇರೆ ಮಗ್ಗುಲು. ಅಲ್ಲಿ ನಡೆಯುವ ಸಿಮ್ ಇದ್ದದ್ದು ಇವರ ಫೋನಿನಲ್ಲಿ ಮಾತ್ರ. ಗಂಟೆ ಮೂರೂ ಮುಕ್ಕಾಲು.

ನಾಯಿಯೊಡನೆ ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು ನಿಲ್ಲಿಸಿ, ಮೀನು ಈಜುವ ಹಾಗೆ, ಆಮೇಲೆ ತಕ್ಕಡಿ ತೂಗುವ ಹಾಗೆ ಕೈಯಲ್ಲಿ ಮಾಡಿ ತೋರಿಸಿದೆ. ಆಕೆ ನಗಲಿಲ್ಲ. ಮೊಣಕೈ ಹಿಡಿದು ರಸ್ತೆ ದಾಟಿಸಿದರು, ಬಂದ ಬಸ್ಸಿಗೆ ಹತ್ತಿಸಿ ಡ್ರೈವರಿಗೆ ಏನೋ ಹೇಳಿದರು.

ಹಳೆಯ ಬಂದರಿನಲ್ಲಿ ಇಳಿದಾಗ ನಾಲ್ಕೂವರೆಗೆ ಎರಡು ನಿಮಿಷ ಇತ್ತು. ಹಡಗಿನವರ ಬಸ್ಸಿನ ಬಾಗಿಲು ಮುಚ್ಚದಂತೆ ಇವರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು. ಹೊರಗಿದ್ದದ್ದು ಊದಿದ ಕಾಲು. ಬೈಯಲಿಲ್ಲ. “ಕೂತ್ಕೋ,” ಎಂದರಷ್ಟೆ.

ಆರಕ್ಕೆ ಹಡಗು ಹೊರಟಿತು. ಡೆಕ್ಕಿನಿಂದ ಗುಡ್ಡದ ಚರ್ಚು ಕಾಣುತ್ತಿತ್ತು.

“ಯಾವ ದಾರೀಲಿ ಇಳಿದೆ?” ಎಂದು ಕೇಳಿದರು.

ಬೆರಳು ಮಾಡಿ ತೋರಿಸಿದೆ. ನಿಜ ಹೇಳಬೇಕೆಂದರೆ ಎಲ್ಲಿ ಇಳಿದೆನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ತೋರಿಸಿದ ಕಡೆಯನ್ನೇ ಇವರು ಗುಡ್ಡ ಮರೆಯಾಗುವ ತನಕ ನೋಡುತ್ತಿದ್ದರು.