ದನಿ ಹೋದ ಅಯ್ಯನವರು

ಅವರ ನಿಜವಾದ ಹೆಸರು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗುಡುಗು ಅಯ್ಯನವರು ಅಂದರೆ ಮಾತ್ರ ಯಾರನ್ನು ಕೇಳಿದರೂ ದಾರಿ ತೋರಿಸುತ್ತಿದ್ದರು. ರೈಲು ಹಳಿಯ ಪಕ್ಕದ ಸಣ್ಣ ಚರ್ಚಿಗೆ ಅವರು ಸಭಾಪಾಲಕರು. ಭಾನುವಾರ ಪೀಠ ಹತ್ತಿ ಬಾಯಿ ತೆರೆದರೆಂದರೆ ಹೊರಗೆ ಗೂಡ್ಸ್ ಗಾಡಿ ಹಾದುಹೋದದ್ದೂ ಒಳಗಿನವರಿಗೆ ಕೇಳಿಸುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿಬಿದ್ದು, ಬೇಕಿರಲಿ ಬೇಡವಿರಲಿ, ‘ಆಮೆನ್’ ಅಂದುಬಿಡುತ್ತಿದ್ದರು. ಎಲ್ಲೆಲ್ಲಿಂದಲೋ, ಸೊರಗಿದ ಭಕ್ತಿಗೆ ಮತ್ತೆ ಜೀವ ತುಂಬುವ ಉಜ್ಜೀವನ ಕೂಟಗಳಿಗೆ ಕರೆ ಬರುತ್ತಿತ್ತು. ಆ ಕೂಟಗಳ ಪೋಸ್ಟರಿನಲ್ಲಿ ಶಿಲುಬೆ ಒಂದು ಮೂಲೆಗೆ, ಅಯ್ಯನವರ ಮುಖ ನಟ್ಟನಡುವೆ.

ಪ್ರಾರ್ಥನೆಯಲ್ಲೂ ಅವರನ್ನು ಮೀರಿಸುವವರಿರಲಿಲ್ಲ. ತುಂಬಿದ ಸಭೆಯ ಮುಂದೆ ಕೈಯೆತ್ತಿ ನಿಂತರೆ ಎಂಥ ಕಲ್ಲೆದೆಯವರ ಕಣ್ಣೂ ಒದ್ದೆಯಾಗುತ್ತಿತ್ತು. ಮನೆಯಲ್ಲಿ ಮಾತ್ರ ಊಟದ ಮುಂದೆ ಎರಡು ಮಾತು, ಅಷ್ಟೇ. ಹೊರಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಸಂಸಾರಕ್ಕೆ ಹೆಗಲು ಕೊಟ್ಟಿದ್ದ ಹೆಂಡತಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ ಸೂಜಿಗೆ ದಾರ ಪೋಣಿಸುತ್ತ ಅಂದಳು: “ನಿಮ್ಮ ಪ್ರಾರ್ಥನೆಗೆ ಯಾವಾಗಲೂ ಜನ ಬೇಕು ಕಣ್ರೀ. ಮೇಲಿರೋನೊಬ್ಬ ಕೇಳಿದ್ರೆ ನಿಮಗೆ ಸಾಲಲ್ಲ.”

ಅಯ್ಯನವರು ನಕ್ಕರು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆಲ್ಲೋ ಮುರಿದು ನಿಂತಿತು.

ಆ ವರ್ಷ ಅವರ ದನಿ ಒಡೆಯಿತು. ಮೊದಲು ಬರೀ ಗೊಗ್ಗರು. ಬಿಸಿನೀರು, ಜೇನುತುಪ್ಪ ಅಂತ ದಿನ ನೂಕಿದರು. ಕೊನೆಗೆ ಒಂದು ಭಾನುವಾರ ಪೀಠದ ಮೇಲೆ ಪ್ರಸಂಗದ ನಡುವೆ ಬಾಯಿ ಆಡುತ್ತಿದೆ, ಸದ್ದೇ ಇಲ್ಲ. ಗಂಟಲಿನ ಡಾಕ್ಟರು ನೋಡಿ, ಒಳಗೆ ಗಂಟು ಬೆಳೆದಿದೆ ಅಂದರು. ಆಪರೇಷನ್ ಆಯಿತು. “ನಾನು ಹೇಳೋವರೆಗೂ ಒಂದಕ್ಷರ ಆಡಬೇಡಿ. ಪಿಸುಮಾತೂ ಕೂಡದು. ಆಡಿದ್ರೆ ಉಳಿದಿರೋದೂ ಹೋಗುತ್ತೆ,” ಅಂದರು ಡಾಕ್ಟರು.

“ಒಂದಿಷ್ಟು ಜಾಸ್ತಿ ದಿನಾನೇ ಹೇಳಿ ಡಾಕ್ಟ್ರೇ,” ಅಂದಳು ಹೆಂಡತಿ. ಮುಖದಲ್ಲಿ ನಗು, ಕಣ್ಣಲ್ಲಿ ನೀರು.

ಸಭೆಗೆ ಹಿರಿಯರೆನಿಸಿದ್ದವರೊಬ್ಬರು ಅದೇ ವಾರ ಮನೆಗೆ ಬಂದರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮನುಷ್ಯ. ಚರ್ಚಿನ ಸುಣ್ಣಬಣ್ಣದಿಂದ ಹಿಡಿದು ಪ್ರಸಂಗಿಗಳ ಊಟದವರೆಗೆ ಎಲ್ಲಾ ಅವರದೇ ಉಸ್ತುವಾರಿ. “ಪೀಠ ಖಾಲಿ ಬಿಡೋಕಾಗಲ್ಲ ಅಯ್ಯನೋರೆ. ನೀವು ಗುಣವಾಗೋವರೆಗೂ ಹೊರಗಿನೋರನ್ನ ಕರೆಸ್ತೀನಿ,” ಅಂದರು. ಅಯ್ಯನವರು ತಲೆಯಾಡಿಸಿದರು. ಬೇರೆ ಏನು ತಾನೇ ಮಾಡಿಯಾರು?

ಭಾನುವಾರ ಅಯ್ಯನವರು ಜೀವನದಲ್ಲಿ ಮೊದಲ ಸಲ ಕೊನೆಯ ಬೆಂಚಿನಲ್ಲಿ ಕೂತರು. ಪೀಠದಿಂದ ಕಾಣದಿದ್ದದ್ದು ಅಲ್ಲಿಂದ ಕಾಣಿಸಿತು. ಅಕ್ಕತಂಗಿಯರಿಬ್ಬರು ಒಂದೇ ಸಾಲಿನ ಎರಡು ತುದಿಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತಿದ್ದರು. ತಾಯಿಯ ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಅನ್ನುವ ಜಗಳ, ಎಷ್ಟೋ ವರ್ಷದ್ದು. ಮೈಕ್ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್, ಪ್ರಾರ್ಥನೆ ಶುರುವಾಯಿತೋ ಇಲ್ಲವೋ, ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಗೆ ಹೋದ.

ಹೊರಗಿನ ಪ್ರಸಂಗಿ ಪ್ರಾರ್ಥಿಸುತ್ತಿದ್ದರು. ‘ಇಲ್ಲಿ ದನಿ ಏರಿಸಬೇಕಿತ್ತು, ಇಲ್ಲಿ ನಿಲ್ಲಿಸಬೇಕಿತ್ತು’ ಅಂತ ತಾವು ಒಳಗೊಳಗೇ ಅಂಕ ಹಾಕುತ್ತ ಕೂತಿರುವುದು ಅಯ್ಯನವರ ಅರಿವಿಗೆ ಬಂತು. ನಾಚಿಕೆಯಾಯಿತು. ತಲೆ ತಗ್ಗಿಸಿ ತಾವೂ ಪ್ರಾರ್ಥಿಸಲು ನೋಡಿದರು. ಮಾತೇ ಹುಟ್ಟಲಿಲ್ಲ. ಗಂಟಲಿನದು ಹೋದರೆ ಹೋಯಿತು, ಒಳಗಿನದಾದರೂ ಇರಬೇಕಲ್ಲ? ತೊಟ್ಟಿ ತುಂಬಿದೆ ಅಂದುಕೊಂಡು ಇಷ್ಟು ವರ್ಷ ಊರಿಗೆಲ್ಲ ನೀರು ಹಂಚಿದವನು ಇವತ್ತು ಬಗ್ಗಿ ನೋಡಿದರೆ ತಳ ಕಾಣುತ್ತಿತ್ತು. ಆಪರೇಷನ್ ಕೋಣೆಯಲ್ಲೂ ಆಗದಷ್ಟು ಭಯವಾಯಿತು ಅವರಿಗೆ.

ಮರುದಿನ ಬೆಳಗಾಗುತ್ತಲೇ ಬೀಗದಕೈ ತೆಗೆದುಕೊಂಡು ಚರ್ಚಿಗೆ ಹೋದರು. ಮಂಡಿಯೂರಿದರು. ಸೋರುವ ತಗಡು ನೆನಪಾಯಿತು, ಕರೆಂಟು ಬಿಲ್ಲು ನೆನಪಾಯಿತು, ಮಂಡಿ ನೋಯಿತು, ಕೊನೆಗೆ ನಿದ್ದೆಯೇ ಬಂತು. ಎದ್ದು ಮನೆಗೆ ಬಂದರು. ಹೆಂಡತಿ ಕಾಫಿ ಕೊಟ್ಟಳು. ಮಾರನೆಯ ದಿನವೂ ಹೋದರು. ಅದರ ಮಾರನೆಯ ದಿನವೂ.

ಹೀಗೆ ಕೂತಿದ್ದ ಒಂದು ಬೆಳಿಗ್ಗೆ, ಎಂದೋ ತಾವು ಸಮಾಧಿಯ ಹತ್ತಿರ ನಡೆಸಿದ್ದ ಮಣ್ಣು ಕೊಡುವ ಆರಾಧನೆಯೊಂದು ಕಣ್ಣಮುಂದೆ ಬಂತು. ಸತ್ತವನು ಸಭೆಯ ಗಾರೆ ಮೇಸ್ತ್ರಿ. ಅವತ್ತು ಅಯ್ಯನವರಿಗೆ ದೂರದ ಕೂಟಕ್ಕೆ ರೈಲು ಹಿಡಿಯಬೇಕಿತ್ತು. ಗುಂಡಿ ಮುಚ್ಚುವ ಮೊದಲೇ ಹೊರಟುಬಿಟ್ಟಿದ್ದರು. ಅವನ ಹೆಂಡತಿಯ ಮುಖ ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಪ್ರತಿ ಭಾನುವಾರ ತಮ್ಮೆದುರಿಗೆ ಕೂರುವ ಹೆಂಗಸು!

ಆಗ ಅವರಿಗೆ ಅಳು ಬಂತು. ತುಟಿ ಮಾತ್ರ ಆಡಿತು: ‘ಸ್ವಾಮಿ, ನಿನ್ನ ವಿಷಯ ಬಹಳ ಮಾತಾಡಿದೆ. ನಿನ್ನ ಹತ್ತಿರ ಮಾತಾಡಲೇ ಇಲ್ಲ.’

ಅವತ್ತೇ ಆ ಮೇಸ್ತ್ರಿಯ ಮನೆಗೆ ಹೋದರು, ಹೆಂಡತಿಯನ್ನು ಜೊತೆಗೆ ಕರೆದುಕೊಂಡು. ಬಾಗಿಲಲ್ಲಿ ನಿಂತು ಕೈಮುಗಿದರು. ವಿಧವೆ ಗಾಬರಿಯಾಗಿ, “ಅಯ್ಯೋ, ನೀವ್ಯಾಕೆ ಕೈಮುಗೀತೀರಿ? ಏನಂತಾರೆ ಅಮ್ಮಾ ಇವರು?” ಅಂದಳು.

“ಅವತ್ತು ಅರ್ಧಕ್ಕೇ ಎದ್ದುಹೋದ್ರಲ್ಲ, ಅದಕ್ಕೆ ಬಂದಿದ್ದಾರೆ,” ಅಂದಳು ಹೆಂಡತಿ.

“ನಾನೂ ಅದನ್ನ ಮರೆತಿರಲಿಲ್ಲ,” ಅಂದಳು ವಿಧವೆ. ಆಮೇಲೆ ಸೆರಗಿನಿಂದ ಕುರ್ಚಿ ಒರೆಸಿ ಹಾಕಿದಳು.

ಇದಾಗಿ ಕೆಲವು ದಿನಕ್ಕೆ ಎಲೆಕ್ಟ್ರಿಷಿಯನ್ ಕೆಟ್ಟ ಸ್ಪೀಕರ್ ಬಿಚ್ಚಲು ಬೆಳಿಗ್ಗೆಯೇ ಚರ್ಚಿಗೆ ಬಂದ. ಮಂಡಿಯೂರಿದ್ದ ಅಯ್ಯನವರನ್ನು ನೋಡಿ ಹಿಂದೆ ಸರಿದ. ಮತ್ತೆ ಏನನ್ನಿಸಿತೋ, ಬಂದು ಪಕ್ಕದಲ್ಲಿ ಕೂತ.

“ನೀವು ಮಾತಾಡೋ ಹಾಗಿಲ್ಲ ಅಲ್ವಾ ಅಯ್ಯನೋರೆ? ಹಾಗಾದ್ರೆ ಹೇಳ್ತೀನಿ. ನಾನು ಕುಡೀತೀನಿ. ಏಣಿ ಹತ್ತೋಕೆ ಮುಂಚೆನೂ ಕುಡೀತೀನಿ. ಹೆಂಡ್ತಿ ಅವಳ ಅಣ್ಣನ ಮನೆಗೆ ಹೊರಟುಹೋದಳು. ಪ್ರಾರ್ಥನೆ ಶುರುವಾದ್ರೆ ಎಲ್ಲರೂ ಸುಮ್ಮನಾಗ್ತಾರೆ ನೋಡಿ, ಆಗ ನನ್ನ ಕೈ ನಡುಗೋದು ಕಾಣುತ್ತೆ. ಅದಕ್ಕೇ ಹೊರಗೆ ಹೋಗಿಬಿಡ್ತೀನಿ.”

ಕುಡಿತದ ಮೇಲೆ ಅಯ್ಯನವರ ಹತ್ತಿರ ಒಂದು ಪ್ರಸಂಗವೇ ಇತ್ತು. ಕೇಳಿದವರು ಎದ್ದುನಿಂತು ಚಪ್ಪಾಳೆ ಹೊಡೆದ ಪ್ರಸಂಗ. ಅದು ಅಷ್ಟೂ ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಮಾತು ಇದ್ದಿದ್ದರೆ ಈ ಮನುಷ್ಯ ಇದನ್ನು ಹೇಳುತ್ತಲೇ ಇರಲಿಲ್ಲ ಅಂತ ಆಗ ಹೊಳೆಯಿತು. ಅವನ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ನಿಜವೇ, ನಡುಗುತ್ತಿದ್ದವು. ಇಬ್ಬರೂ ಹಾಗೇ ಮಂಡಿಯೂರಿ ಇದ್ದರು. ಕೊನೆಗೆ ಅವನೇ ಬಾಯಿಬಿಟ್ಟ:

“ಸ್ವಾಮಿ, ನನಗೆ ಪ್ರಾರ್ಥನೆ ಬರಲ್ಲ. ಇವರಿಗೆ ಮಾತು ಬರಲ್ಲ. ನೀನೇ ಏನಾದ್ರೂ ಮಾಡು.”

ಆ ಪ್ರಾರ್ಥನೆಗೆ ಅಂಕ ಹಾಕುವ ಯೋಚನೆ ಅಯ್ಯನವರಿಗೆ ಬರಲಿಲ್ಲ.

ಅವನು ಮರುದಿನವೂ ಬಂದ. ಮೇಸ್ತ್ರಿಯ ವಿಧವೆ ಬಂದಳು. ಹೊಲಿಗೆ ಬದಿಗಿಟ್ಟು ಹೆಂಡತಿಯೂ ಬಂದಳು. ಯಾರೂ ಕರೆದಿರಲಿಲ್ಲ, ಯಾರೂ ಮುಂದೆ ನಿಂತು ನಡೆಸುತ್ತಲೂ ಇರಲಿಲ್ಲ. ಅಕ್ಕತಂಗಿಯರಲ್ಲಿ ದೊಡ್ಡವಳು ಬರತೊಡಗಿದಳು. ಒಂದು ಚಳಿಯ ಬೆಳಿಗ್ಗೆ ಚಿಕ್ಕವಳೂ ಬಂದವಳು ಅಕ್ಕನನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಬಾಗಿಲಲ್ಲಿ ಯಾಕೆ ನಿಂತೆ? ಚಳಿಗಾಳಿ ಬರುತ್ತೆ, ಒಳಗೆ ಬಾ,” ಅಂದಳು ಅಕ್ಕ.

ಅಷ್ಟೇ ಮಾತು. ಚಿಕ್ಕವಳು ಒಳಗೆ ಬಂದು ಕೂತಳು, ಅಕ್ಕನಿಂದ ಒಂದು ಮೊಳ ದೂರದಲ್ಲಿ. ಯಾರೂ ಹಲ್ಲೆಲೂಯಾ ಅನ್ನಲಿಲ್ಲ. ಅಯ್ಯನವರ ಮೈ ಮಾತ್ರ ಜುಮ್ಮೆಂದಿತು. ತಾವು ಊರೂರು ತಿರುಗಿ ಕೂಗಿದ ಉಜ್ಜೀವನ ಇದೇ ಇರಬಹುದೇ?

ಹಿರಿಯರಿಗೆ ಮಾತ್ರ ಬೇರೆ ಚಿಂತೆ. “ಭಾನುವಾರ ಬೆಂಚು ಖಾಲಿ ಹೊಡೀತಿವೆ ಅಯ್ಯನೋರೆ,” ಅಂತ ಮತ್ತೆ ಮನೆಗೆ ಬಂದರು. “ಸಭೆ ಸತ್ತುಹೋಗ್ತಿದೆ. ಮೈದಾನದಲ್ಲಿ ದೊಡ್ಡ ಉಜ್ಜೀವನ ಕೂಟ ಇಡೋಣ. ಹೆಸರುವಾಸಿ ಪ್ರಸಂಗಿ, ಬ್ಯಾಂಡು, ದೀಪ, ಎಲ್ಲಾ ನಾನು ನೋಡ್ಕೋತೀನಿ.”

ಅಯ್ಯನವರು ಇಲ್ಲವೆಂದು ತಲೆಯಾಡಿಸಿದರು. ಚರ್ಚಿನ ಕಡೆ ಬೆರಳು ತೋರಿಸಿ, ಕೈ ಜೋಡಿಸಿ, ಹಿರಿಯರತ್ತ ನೋಡಿದರು.

“ಏನಂತೆ?” ಅಂದರು ಹಿರಿಯರು.

“ಬೆಳಿಗ್ಗೆ ಪ್ರಾರ್ಥನೆಗೆ ಬನ್ನಿ ಅಂತಾರೆ,” ಅಂದಳು ಹೆಂಡತಿ.

“ನಾನು ಬಂದ್ರೆ ಅಂಗಡಿ ಬಾಗಿಲು ನಿಮ್ಮಪ್ಪ ತೆಗೀತಾನಾ? ಸಭೆಗೆ ಬಾಯಿರೋ ಪಾಸ್ಟರ್ ಬೇಕಮ್ಮಾ, ಮೂಗರಲ್ಲ!” ಅಂದು ಹಿರಿಯರು ಚಪ್ಪಲಿ ಮೆಟ್ಟಿದರು. ಮುಂದಿನ ತಿಂಗಳು ತಮ್ಮ ಕಡೆಯ ಕೆಲವು ಮನೆಯವರನ್ನು ಕರೆದುಕೊಂಡು ಸೇತುವೆಯಾಚೆಯ ದೊಡ್ಡ ಚರ್ಚಿಗೆ ಹೋದರು. ಮೂಗ ಅಂದ ಆ ಮಾತು ಅಯ್ಯನವರನ್ನು ಸುಟ್ಟಿತು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೆಯ ದಿನದಿಂದ ಹಿರಿಯರ ಹೆಸರು ಹಿಡಿದು ದೇವರ ಮುಂದಿಡಲು ಶುರುಮಾಡಿದರು. ಮೊದಮೊದಲು ಹಲ್ಲು ಕಚ್ಚಿಯೇ.

ಡಾಕ್ಟರು ಕೊನೆಗೆ ಮಾತಾಡಿ ಅಂದಾಗ ಹೊರಬಂದದ್ದು ಗುಡುಗಲ್ಲ, ಒಣ ಎಲೆ ಸರಿದ ಹಾಗೆ ಒಂದು ಸದ್ದು. ಇನ್ನು ಇಷ್ಟೇ, ಅಂದರು ಡಾಕ್ಟರು. ಆ ಭಾನುವಾರ ಅಯ್ಯನವರು ಪೀಠ ಹತ್ತದೆ ಮುಂದಿನ ಬೆಂಚಿನ ಪಕ್ಕ ನಿಂತರು. ಮಾತು ಕೇಳಿಸದೆ ಹಿಂದಿನವರು ಒಬ್ಬೊಬ್ಬರಾಗಿ ಎದ್ದು ಹತ್ತಿರ ಬಂದು ಕೂತರು.

“ಇಷ್ಟು ವರ್ಷ ನಿಮಗೆ ಕೂಗಿ ಕೂಗಿ ಹೇಳಿದೆ,” ಅಂದರು. “ನಿಮಗೋಸ್ಕರ ಕೂತು ಬೇಡಿಕೊಳ್ಳಲಿಲ್ಲ. ಕುರುಬ ಮಲಗಿದ್ದ, ಕುರಿಗಳನ್ನ ಬೈದು ಏನು ಪ್ರಯೋಜನ? ಕ್ಷಮಿಸಿ.”

ಮೇಸ್ತ್ರಿಯ ವಿಧವೆ ಎದ್ದುನಿಂತಳು, ಯಾವತ್ತೂ ಸಭೆಯಲ್ಲಿ ಬಾಯಿಬಿಡದವಳು. “ಸ್ವಾಮಿ, ನಮ್ಮ ಅಯ್ಯನೋರನ್ನ ನೋಡ್ಕೋ,” ಅಂದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು.

ಆಮೇಲೆ ಎಲ್ಲವೂ ಸಲೀಸಾಯಿತು ಅಂತಲ್ಲ. ಎಲೆಕ್ಟ್ರಿಷಿಯನ್ ಮತ್ತೆ ಜಾರಿದ, ಅತ್ತ, ಎದ್ದು ಬಂದ. ಅವನ ಹೆಂಡತಿ ಇನ್ನೂ ನಂಬಿಲ್ಲ, ಬಂದು ನೋಡಿಹೋಗುತ್ತಾಳೆ. ಉಜ್ಜೀವನ ಕೂಟಗಳಿಗೆ ಅಯ್ಯನವರನ್ನು ಯಾರೂ ಕರೆಯುವುದಿಲ್ಲ.

ಮರುವರ್ಷ ಹಿರಿಯರ ಹೆಂಡತಿ ತಲೆಯಲ್ಲಿ ರಕ್ತ ಕಟ್ಟಿ ಆಸ್ಪತ್ರೆ ಸೇರಿದರು. ಸುದ್ದಿ ಕಿವಿಗೆ ಬಿದ್ದ ಮಧ್ಯಾಹ್ನವೇ ಅಯ್ಯನವರು ಹೋದರು. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಹಿರಿಯರು ಒಬ್ಬರೇ ಇದ್ದರು.

“ನಾನು ನಿಮ್ಮನ್ನ ಕರೆದಿರಲಿಲ್ಲ,” ಅಂದರು.

“ನಿನ್ನೆ ಗೊತ್ತಾಗಿದ್ರೆ ನಿನ್ನೇನೇ ಬರ್ತಿದ್ದೆ.”

“ಏನಾದ್ರೂ ಹೇಳಿ ಅಯ್ಯನೋರೆ.”

“ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಕೂತಿರ್ತೀನಿ.”

ಕೂತರು. ನರ್ಸುಗಳ ಪಾಳಿ ಬದಲಾಯಿತು. ಎಷ್ಟೋ ಹೊತ್ತಿನ ಮೇಲೆ, ಜೀವಮಾನವಿಡೀ ಸಭೆಯನ್ನು ನಡೆಸಿದ ಆ ಮನುಷ್ಯ ಕಣ್ಣುಮುಚ್ಚಿ “ಸ್ವಾಮಿ” ಅಂದರು. ಮುಂದಕ್ಕೆ ಮಾತು ಬರಲಿಲ್ಲ. ಅಯ್ಯನವರು ಅವರ ಹೆಗಲ ಮೇಲೆ ಕೈಯಿಟ್ಟು, ಆ ಒಂದು ಮಾತಿಗೇ ಮೆಲ್ಲಗೆ ‘ಆಮೆನ್’ ಅಂದರು.

ಹಿರಿಯರ ಹೆಂಡತಿ ಉಳಿದರು, ಎಡಗಾಲು ಮಾತ್ರ ಸೋತಿತು. ಹಿರಿಯರು ಇವತ್ತಿಗೂ ಭಾನುವಾರ ಹೋಗುವುದು ಸೇತುವೆಯಾಚೆಗೇ. ಆದರೆ ವಾರದ ಬೆಳಿಗ್ಗೆಗಳಲ್ಲಿ ಒಮ್ಮೊಮ್ಮೆ, ಅಂಗಡಿ ತೆರೆಯುವ ಮುಂಚೆ, ಅವರ ಸ್ಕೂಟರು ರೈಲು ಹಳಿಯ ಪಕ್ಕದ ಗೇಟಿನಲ್ಲಿ ನಿಂತಿರುತ್ತದೆ.